ಲಂಡನ್ ಬರೋದ ಮೇಯರ್ ಕೈಗೆ ಅರ್ಜಿ ಕೊಡಬಹುದಾ?

ಪ್ರಶ್ನೆ: ನಾವು ಹಾಸನದ ಕಡೆಯವರು. ಲಂಡನ್ನಿಗೆ ಬಂದು ಎಂಟು ವರ್ಷ ಆಯಿತು. ಮುಂದಿನ ತಿಂಗಳು ನಮ್ಮ ಬರೋದ (ನಗರದ ನಮ್ಮ ಭಾಗದ ಸ್ಥಳೀಯ ಆಡಳಿತಕ್ಕೆ ಇಲ್ಲಿ ಹಾಗನ್ನುತ್ತಾರೆ) ಟೌನ್ ಹಾಲ್‌ನಲ್ಲಿ ಪೌರತ್ವ ಸಮಾರಂಭ ಇದೆ. ಮೇಯರ್ ಬಂದು ಪ್ರಮಾಣಪತ್ರ ಕೊಡುತ್ತಾರಂತೆ. ಲಂಡನ್ ಮೇಯರ್ ಅಂದರೆ ಸಾದಿಕ್ ಖಾನ್ ಅಲ್ವಾ? ಹಾಗಾದರೆ ಈ ಮೇಯರ್ ಯಾರು? ನಮ್ಮ ಬೀದಿಗೆ ಆರು ತಿಂಗಳಿಂದ ಯಾರೋ ಹಳೆ ಸೋಫಾ, ಹಾಸಿಗೆ ತಂದು ಸುರಿದು ಹೋಗುತ್ತಿದ್ದಾರೆ. ಸಮಾರಂಭದ ದಿನ ಮೇಯರ್ ಕೈಗೇ ಒಂದು ಅರ್ಜಿ ಕೊಟ್ಟರೆ ಕೆಲಸ ಆಗುತ್ತದಾ? ಅವರಿಗೆ ನಿಜವಾಗಿ ಇರುವ ಅಧಿಕಾರ ಏನು?

ಉತ್ತರ: ಕೊಡಬಹುದು. ಮೇಯರ್ ನಗುತ್ತಾ ತೆಗೆದುಕೊಳ್ಳುತ್ತಾರೆ. ಪಕ್ಕದಲ್ಲಿ ನಿಂತ ಅಧಿಕಾರಿಯ ಕೈಗೆ ದಾಟಿಸುತ್ತಾರೆ. ಆ ಅಧಿಕಾರಿ ಅದನ್ನು ಕಸದ ವಿಭಾಗಕ್ಕೆ ಕಳಿಸುತ್ತಾರೆ. ನೀವು ಮನೆಯಲ್ಲೇ ಕೂತು ಫೋನಿನಲ್ಲಿ ದೂರು ಹಾಕಿದ್ದರೆ ಅದು ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಗೇ, ನಾಲ್ಕು ದಿನ ತಡವಾಗಿ. ನಾನು ಇಲ್ಲಿನ ಒಂದು ಬರೋ ಕೌನ್ಸಿಲ್‌ನ ಸಭಾ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮೇಯರ್ ಕೈಗೆ ಬಂದ ಇಂಥ ಕಾಗದಗಳನ್ನು ಹಿಡಿದು ನಿಲ್ಲುವ ಕೆಲಸ ನನ್ನದೂ ಆಗಿತ್ತು.

ಮೊದಲು ನಿಮ್ಮ ಗೊಂದಲ ಬಿಡಿಸೋಣ. ಲಂಡನ್ನಿನಲ್ಲಿ ಮೇಯರ್ ಅನ್ನುವ ಹೆಸರಿನವರು ಮೂರು ನಾಲ್ಕು ಥರ ಇದ್ದಾರೆ. ಸಾದಿಕ್ ಖಾನ್ ಇಡೀ ಲಂಡನ್ನಿಗೆ ಮೇಯರ್. ಆ ಹುದ್ದೆ ಹುಟ್ಟಿದ್ದೇ 2000ದಲ್ಲಿ. ಬಸ್ಸು, ಟ್ಯೂಬ್ ರೈಲು, ಪೊಲೀಸ್ ಬಜೆಟ್, ಅಗ್ನಿಶಾಮಕ ದಳ ಇವೆಲ್ಲ ಅವರ ಕಡೆ. ಹಳೆಯ ಕೋಟೆಯೊಳಗಿನ ಒಂದು ಚದರ ಮೈಲಿಯ ‘ಸಿಟಿ’ಗೆ ಬೇರೆಯೇ ಒಬ್ಬ ಲಾರ್ಡ್ ಮೇಯರ್ ಇದ್ದಾರೆ. ಅದು 12ನೇ ಶತಮಾನದ ಕೊನೆಯಿಂದ ಬಂದ ಗಾದಿ. ಆಮೇಲೆ 32 ಬರೋಗಳು. ಒಂದೊಂದರಲ್ಲೂ ನಮ್ಮ ಒಂದು ಜಿಲ್ಲಾ ಕೇಂದ್ರದಷ್ಟು ಜನ. ಮನೆ ಕಸ, ಶಾಲೆ, ಲೈಬ್ರರಿ, ಪಾರ್ಕಿಂಗ್, ಕಟ್ಟಡದ ಅನುಮತಿ, ವಯಸ್ಸಾದವರ ಆರೈಕೆ ಎಲ್ಲವೂ ಬರೋ ಕೌನ್ಸಿಲ್‌ನ ಕೆಲಸ. ನಿಮ್ಮ ಸೋಫಾ ಇಲ್ಲಿಗೇ ಸೇರಿದ್ದು.

ಈ 32ರಲ್ಲಿ ಐದು ಕಡೆ ಮಾತ್ರ ಜನರೇ ನೇರವಾಗಿ ಮೇಯರ್‌ನನ್ನು ಆರಿಸುತ್ತಾರೆ. ಹ್ಯಾಕ್ನಿ, ಲೂಯಿಶಮ್, ನ್ಯೂಯಮ್, ಟವರ್ ಹ್ಯಾಮ್ಲೆಟ್ಸ್ ಮತ್ತು ಕ್ರಾಯ್ಡನ್. ಅಲ್ಲಿ ಮೇಯರ್ ಅಂದರೆ ನಿಜವಾದ ಯಜಮಾನ. ಉಳಿದ 27 ಕಡೆ ಕೌನ್ಸಿಲರ್‌ಗಳು ತಮ್ಮಲ್ಲೇ ಒಬ್ಬರನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ ಮೇಯರ್ ಮಾಡುತ್ತಾರೆ. ನಿಮ್ಮ ಸಮಾರಂಭಕ್ಕೆ ಚಿನ್ನದ ಬಣ್ಣದ ದೊಡ್ಡ ಸರ ಹಾಕಿಕೊಂಡು ಬರುವವರು ಬಹುಶಃ ಇವರೇ.

ಇವರ ಸ್ಥಾನ ಅರ್ಥವಾಗಬೇಕಾದರೆ ನಮ್ಮ ದೇವಸ್ಥಾನ ನೆನಪಿಸಿಕೊಳ್ಳಿ. ಮೂಲವಿಗ್ರಹ ಗರ್ಭಗುಡಿ ಬಿಟ್ಟು ಹೊರಗೆ ಬರುವುದಿಲ್ಲ. ತೇರಿನ ದಿನ ಬೀದಿಗೆ ಬರುವುದು ಉತ್ಸವಮೂರ್ತಿ. ಅಲಂಕಾರ, ಮೆರವಣಿಗೆ, ಆರತಿ ಎಲ್ಲ ಅದಕ್ಕೆ. ಬರೋ ಮೇಯರ್ ಉತ್ಸವಮೂರ್ತಿ. ಗರ್ಭಗುಡಿಯಲ್ಲಿ ಕೂತವರು ‘ಲೀಡರ್’, ಅಂದರೆ ಕೌನ್ಸಿಲ್‌ನಲ್ಲಿ ಬಹುಮತ ಇರುವ ಪಕ್ಷದ ನಾಯಕರು. ಬಜೆಟ್ ಮಾಡುವುದು, ಕಸದ ಗುತ್ತಿಗೆ ಕೊಡುವುದು, ಲೈಬ್ರರಿ ಮುಚ್ಚುವುದು ಬಿಡುವುದು ಲೀಡರ್ ಮತ್ತು ಅವರ ಸಂಪುಟ. ಮೇಯರ್ ಆ ಸಂಪುಟದಲ್ಲಿ ಇರುವಂತೆಯೇ ಇಲ್ಲ ಅಂತ ಕಾನೂನೇ ಹೇಳುತ್ತದೆ. ಸರ ಇರುವವರ ಹತ್ತಿರ ಸಹಿ ಇಲ್ಲ, ಸಹಿ ಇರುವವರಿಗೆ ಸರ ಇಲ್ಲ.

ಹಾಗಾದರೆ ಮೇಯರ್ ಏನು ಮಾಡುತ್ತಾರೆ? ಕೌನ್ಸಿಲ್‌ನ ಪೂರ್ಣ ಸಭೆಗೆ ಅಧ್ಯಕ್ಷತೆ ವಹಿಸುತ್ತಾರೆ. ಗಲಾಟೆ ಮಾಡಿದವರನ್ನು ಸುಮ್ಮನಿರಿಸುತ್ತಾರೆ. ಮತಗಳು ಸಮ ಸಮ ಬಂದರೆ ಇನ್ನೊಂದು ಮತ ಹಾಕಿ ತೀರ್ಮಾನ ಮಾಡುತ್ತಾರೆ. ಇದೊಂದು ನಿಜವಾದ ಅಧಿಕಾರ. ಯಾವ ಪಕ್ಷಕ್ಕೂ ಬಹುಮತ ಇಲ್ಲದ ಕೌನ್ಸಿಲ್‌ನಲ್ಲಿ ಯಾರು ಮೇಯರ್ ಅನ್ನುವುದಕ್ಕೆ ಆಗ ದಿಢೀರ್ ಬೆಲೆ ಬಂದುಬಿಡುತ್ತದೆ. ಸಂಸತ್ ಚುನಾವಣೆಗೆ ಹೆಸರಿಗೆ ಚುನಾವಣಾಧಿಕಾರಿ ಕೂಡ ಮೇಯರ್. ಕೆಲಸ ಮಾಡುವುದು ಮಾತ್ರ ಕೌನ್ಸಿಲ್‌ನ ಅಧಿಕಾರಿ. ಬರೋದೊಳಗೆ ಮೇಯರ್ ಮೊದಲ ಪ್ರಜೆ. ರಾಜಮನೆತನದವರು ಅಥವಾ ಅವರ ಪ್ರತಿನಿಧಿ ಬಂದಾಗ ಬಿಟ್ಟು ಬೇರೆಲ್ಲ ಸಮಾರಂಭದಲ್ಲೂ ಮೊದಲ ಕುರ್ಚಿ ಅವರದ್ದು. ಶಾಲೆಯ ಬಹುಮಾನ, ನೂರು ವರ್ಷ ತುಂಬಿದ ಅಜ್ಜಿಯ ಹುಟ್ಟುಹಬ್ಬ, ಯುದ್ಧದಲ್ಲಿ ಸತ್ತವರ ಸ್ಮರಣೆ, ದೀಪಾವಳಿ, ಈದ್, ಹೊಸ ಅಂಗಡಿಯ ರಿಬ್ಬನ್. ಮೇಯರ್ ಡೈರಿ ಬರೆಯುತ್ತಿದ್ದ ನಮ್ಮ ಸಹೋದ್ಯೋಗಿಗೆ ಶನಿವಾರ ಭಾನುವಾರ ಅಂದರೆ ತಲೆನೋವು. ಒಂದೇ ಮಧ್ಯಾಹ್ನ ಮೂರು ಕಡೆ ಚಹಾ, ಮೂರು ಕಡೆ ಭಾಷಣ. ಇದರ ಜೊತೆಗೆ ಆ ವರ್ಷಕ್ಕೆ ಒಂದೆರಡು ಸೇವಾ ಸಂಸ್ಥೆ ಆರಿಸಿಕೊಂಡು ಅದಕ್ಕೆ ಹಣ ಕೂಡಿಸುವುದೂ ಇದೆ.

ಪೌರತ್ವ ಸಮಾರಂಭ ಈ ಪಟ್ಟಿಗೆ ಸೇರಿದ್ದು ಈಚೆಗೆ. ಬ್ರಿಟನ್ನಿನಲ್ಲಿ ಇಂಥ ಮೊದಲ ಸಮಾರಂಭ ನಡೆದದ್ದು 2004ರ ಫೆಬ್ರವರಿಯಲ್ಲಿ, ಬ್ರೆಂಟ್ ಬರೋದಲ್ಲಿ. ಆಗಿನ ಯುವರಾಜ ಚಾರ್ಲ್ಸ್ ಬಂದಿದ್ದರು. ಅದಕ್ಕೂ ಮೊದಲು ಪ್ರಮಾಣಪತ್ರ ಅಂಚೆಯಲ್ಲಿ ಬರುತ್ತಿತ್ತು ಅಷ್ಟೆ. ನನ್ನ ಅನಿಸಿಕೆ ಕೇಳಿದರೆ, ಮೇಯರ್ ಹುದ್ದೆಗೆ ಇವತ್ತು ಇರುವ ಅತ್ಯಂತ ಗಟ್ಟಿಯಾದ ಕಾರಣ ಇದೇ. ಒಬ್ಬರು ತಮ್ಮ ಊರು ಬಿಟ್ಟು ಬಂದು ಇನ್ನೊಂದು ಊರಿನವರಾಗುವ ದಿನ. ಅವತ್ತು ಕೈಕುಲುಕುವುದಕ್ಕೆ ಆ ಊರಿನ ಕಡೆಯಿಂದ ಯಾರಾದರೂ ಒಬ್ಬರು ಬೇಕಲ್ಲ.

ಇನ್ನು ಇತಿಹಾಸ. ಬರೋ ಅನ್ನುವ ಪದ ‘ಬುರ್ಹ್’ ಅನ್ನುವ ಹಳೆಯ ಇಂಗ್ಲಿಷ್ ಪದದಿಂದ ಬಂದದ್ದು. ಅರ್ಥ ಕೋಟೆ. ಕೋಟೆಯ ಸುತ್ತ ಪೇಟೆ ಬೆಳೆಯಿತು, ಪೇಟೆಯವರು ರಾಜನಿಂದ ಸನ್ನದು ಪಡೆದು ತಮ್ಮ ವ್ಯವಹಾರ ತಾವೇ ನೋಡಿಕೊಂಡರು. ಸನ್ನದು ಸಿಕ್ಕ ಊರುಗಳಲ್ಲಿ ಮೇಯರ್ ನಿಜಕ್ಕೂ ದೊಡ್ಡ ಮನುಷ್ಯ. ಸಂತೆಗೆ, ತೂಕಕ್ಕೆ, ನ್ಯಾಯಕ್ಕೆ ಅವನೇ. ಆಮೇಲೆ ಈ ಸಭೆಗಳು ನಾಲ್ಕು ಮನೆಯವರ ಸೊತ್ತಾಗಿ ಹೋದವು. 1835ರ ಕಾನೂನು 178 ಬರೋಗಳನ್ನು ಹಿಡಿದು ಸರಿಮಾಡಿತು. ತೆರಿಗೆ ಕಟ್ಟುವವರು ಕೌನ್ಸಿಲ್ ಆರಿಸಬೇಕು, ಕೌನ್ಸಿಲ್ ವರ್ಷಕ್ಕೊಬ್ಬ ಮೇಯರ್ ಆರಿಸಬೇಕು. ಈ ವರ್ಷದ ಲೆಕ್ಕ ಇವತ್ತಿಗೂ ಹಾಗೇ ನಡೆದುಬಂದಿದೆ.

ತಮಾಷೆ ಏನೆಂದರೆ ‘ಸಿಟಿ’ ಬಿಟ್ಟರೆ ಉಳಿದ ಲಂಡನ್ನಿಗೆ ಈ ಭಾಗ್ಯ ಸಿಕ್ಕಿರಲಿಲ್ಲ. ಅಲ್ಲೆಲ್ಲ ಚರ್ಚಿನ ವ್ಯಾಪ್ತಿಯ ‘ವೆಸ್ಟ್ರಿ’ ಸಭೆಗಳೇ ಚರಂಡಿ, ದೀಪ ನೋಡಿಕೊಳ್ಳುತ್ತಿದ್ದವು. 1889ರಲ್ಲಿ ಇಡೀ ಲಂಡನ್ನಿಗೆ ಒಂದು ಕೌಂಟಿ ಕೌನ್ಸಿಲ್ ಬಂತು. ಅದು ಸುಧಾರಣೆಯವರ ಕೈಗೆ ಹೋಯಿತು. ಪ್ರಧಾನಿ ಸಾಲ್ಸ್‌ಬರಿಯ ಕನ್ಸರ್ವೇಟಿವ್ ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಅದರ ಎದುರು ತೂಗಲಿ ಅಂತ 1899ರಲ್ಲಿ ಕಾನೂನು ಮಾಡಿ 28 ಬರೋಗಳನ್ನು ಹುಟ್ಟಿಸಿತು (ಇವತ್ತಿನ 32 ಬಂದದ್ದು ಆಮೇಲೆ). ಕೆಲಸ ಸಣ್ಣದೇ, ಘನತೆ ಮಾತ್ರ ದೊಡ್ಡದಿರಲಿ ಅಂತ ಎಲ್ಲರಿಗೂ ಮೇಯರ್, ಸರ, ನಿಲುವಂಗಿ ಎಲ್ಲ ಬಂತು. 1900ರ ನವೆಂಬರ್‌ನಲ್ಲಿ ಮೊದಲ ಚುನಾವಣೆ. ನಮ್ಮ ಪಕ್ಕದ ಮದರಾಸಿಗೆ ಈಸ್ಟ್ ಇಂಡಿಯಾ ಕಂಪನಿ ಮೇಯರ್ ಕೊಟ್ಟದ್ದು 1688ರಲ್ಲಿ. ಅಂದರೆ ಲ್ಯಾಂಬೆತ್, ಬ್ಯಾಟರ್ಸೀ, ಹ್ಯಾಕ್ನಿಗಳಿಗಿಂತ ಎರಡು ಶತಮಾನ ಮೊದಲೇ ಮದರಾಸು ಮೇಯರ್ ಕಂಡಿತ್ತು. ಮೇಯರ್ ಅನ್ನುವುದು ಲಂಡನ್ನಿನಲ್ಲಿ ಎಲ್ಲ ಕಡೆ ಅನಾದಿಯಿಂದ ಇದ್ದದ್ದು ಅಂತ ಯಾರಾದರೂ ಗತ್ತಿನಿಂದ ಹೇಳಿದರೆ ಇದನ್ನು ಹೇಳಿ.

ಘನತೆಗೆ ಅಂತ ಮಾಡಿದ ಕುರ್ಚಿ. ಆದರೆ ಅಲ್ಲಿ ಯಾರು ಬಂದು ಕೂತರು ಅನ್ನುವ ಕಥೆ ಸಾಲ್ಸ್‌ಬರಿ ಸಾಹೇಬರು ಎಣಿಸಿದ ಹಾಗೆ ನಡೆಯಲಿಲ್ಲ.

1913ರ ನವೆಂಬರ್ 10. ಬ್ಯಾಟರ್ಸೀ ಬರೋದ ಕೌನ್ಸಿಲ್ ಮೇಯರ್ ಆರಿಸಲು ಸೇರಿತ್ತು. ಜಾನ್ ಆರ್ಚರ್ ಅನ್ನುವ ಕಪ್ಪು ವರ್ಣದ ಫೋಟೋಗ್ರಾಫರ್ 39ರ ಎದುರು 40 ಮತ ಪಡೆದು ಗೆದ್ದರು. ಅಪ್ಪ ಬಾರ್ಬಡೋಸ್‌ನವರು, ಅಮ್ಮ ಐರಿಷ್, ಹುಟ್ಟಿದ್ದು ಲಿವರ್‌ಪೂಲ್‌ನಲ್ಲಿ. ಇವರು ಎಲ್ಲಿಂದ ಬಂದವರು ಅಂತ ಪತ್ರಿಕೆಗಳಲ್ಲಿ ಏನೇನೋ ಊಹೆ. ರಂಗೂನ್ ಅಂತಲೂ ಯಾರೋ ಬರೆದರು. ಆರ್ಚರ್ ತಮ್ಮ ಭಾಷಣದಲ್ಲಿ ಇದಕ್ಕೆ ಉತ್ತರ ಕೊಟ್ಟರು. ತಾನು ಹುಟ್ಟಿದ್ದು ಇಂಗ್ಲೆಂಡಿನದೇ ಒಂದು ಮೂಲೆಯ ಹಳ್ಳಿಯಲ್ಲಿ, ಅದರ ಹೆಸರು ನೀವ್ಯಾರೂ ಕೇಳಿರಲಿಕ್ಕಿಲ್ಲ, ಲಿವರ್‌ಪೂಲ್ ಅಂತ, ಅನ್ನುವ ಧಾಟಿಯಲ್ಲಿ. ಇಂಗ್ಲೆಂಡಿನ ಬರೋ ಒಂದಕ್ಕೆ ತಮ್ಮ ಬಣ್ಣದವನೊಬ್ಬ ಮೇಯರ್ ಆದದ್ದು ಇದೇ ಮೊದಲು ಅಂತ ಅವರು ನಂಬಿದ್ದರು. ಅದು ಲಂಡನ್ನಿಗೆ ಮಾತ್ರ ನಿಜ. ಬಹಾಮಾಸ್‌ನಲ್ಲಿ ಹುಟ್ಟಿದ ಡಾಕ್ಟರ್ ಅಲನ್ ಮಿನ್ಸ್ 1904ರಲ್ಲೇ ಥೆಟ್‌ಫರ್ಡ್ ಅನ್ನುವ ಸಣ್ಣ ಊರಿಗೆ ಮೇಯರ್ ಆಗಿದ್ದರು. ಅದು ಸದ್ದಿಲ್ಲದೆ ನಡೆದುಹೋಗಿತ್ತು. ಆರ್ಚರ್ ಅವರಿಗೆ ಭಾರತದ ನಂಟೂ ಇದೆ. 1922ರಲ್ಲಿ ಅದೇ ಬ್ಯಾಟರ್ಸೀಯಿಂದ ಮುಂಬೈ ಮೂಲದ ಶಾಪುರ್ಜಿ ಸಕ್ಲತ್ವಾಲಾ ಸಂಸತ್ತಿಗೆ ಗೆದ್ದಾಗ ಅವರ ಬೆನ್ನಿಗೆ ನಿಂತು ಓಡಾಡಿದವರಲ್ಲಿ ಆರ್ಚರ್ ಮುಖ್ಯರು.

ಇನ್ನೊಂದು ಕಥೆ ಪೂರ್ವ ಲಂಡನ್ನಿನ ಪಾಪ್ಲರ್‌ದು. ಮೇಯರ್ ಅಂದರೆ ಬರೀ ಅಲಂಕಾರ ಅಂತ ನಾನು ಮೇಲೆ ಹೇಳಿದ್ದಕ್ಕೆ ಇದು ನೇರ ಎದುರು ನಿಲ್ಲುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. 1921ರಲ್ಲಿ ಹಡಗುಕಟ್ಟೆಗಳಲ್ಲಿ ಕೆಲಸ ಇಲ್ಲ. ಬಡವರ ನೆರವಿನ ಖರ್ಚನ್ನು ಆಯಾ ಬರೋ ತಾನೇ ತೆರಿಗೆ ಎತ್ತಿ ಭರಿಸಬೇಕಿತ್ತು. ಪಾಪ್ಲರ್‌ನಲ್ಲಿ ಬಡವರೇ ಜಾಸ್ತಿ, ಅಲ್ಲಿ ತೆರಿಗೆಯೂ ಜಾಸ್ತಿ. ಪಶ್ಚಿಮ ಲಂಡನ್ನಿನ ಶ್ರೀಮಂತ ಬರೋಗಳಿಗೆ ಈ ಭಾರವೇ ಇಲ್ಲ. ಇದರ ಮೇಲೆ ಪೊಲೀಸ್, ನೀರು, ಕೌಂಟಿ ಕೌನ್ಸಿಲ್ ಅಂತ ಎಲ್ಲರ ಪಾಲನ್ನೂ ಬರೋ ಎತ್ತಿ ಕೊಡಬೇಕು. ಪಾಪ್ಲರ್ ಕೌನ್ಸಿಲರ್‌ಗಳು ಆ ಪಾಲನ್ನು ಎತ್ತುವುದೇ ಇಲ್ಲ ಅಂದುಬಿಟ್ಟರು.

ಕೋರ್ಟು ಕರೆಯಿತು. ಜುಲೈ 29ರಂದು ಅವರು ಪಾಪ್ಲರ್ ಟೌನ್ ಹಾಲ್‌ನಿಂದ ಹೈಕೋರ್ಟಿಗೆ ನಡೆದೇ ಹೊರಟರು. ಮುಂದೆ ದಂಡ ಹಿಡಿದ ಸೇವಕ, ಹಿಂದೆ ಸರ ಹಾಕಿಕೊಂಡ ಮೇಯರ್ ಸ್ಯಾಮ್ ಮಾರ್ಚ್, ಅವರ ಹಿಂದೆ ಕೌನ್ಸಿಲರ್‌ಗಳು ಮತ್ತು ಜನ. ಉತ್ಸವಮೂರ್ತಿಯನ್ನು ಮೆರವಣಿಗೆಯಲ್ಲಿ ನೇರ ಜೈಲಿಗೇ ಕರೆದುಕೊಂಡು ಹೋದ ಹಾಗೆ. ಸೆಪ್ಟೆಂಬರ್‌ನಲ್ಲಿ 30 ಜನರನ್ನು ಒಳಗೆ ಹಾಕಿದರು. ಗಂಡಸರು ಬ್ರಿಕ್ಸ್‌ಟನ್ ಜೈಲಿಗೆ, ಹೆಂಗಸರು ಹಾಲೊವೇ ಜೈಲಿಗೆ. ಇವರು ಜೈಲಿನಲ್ಲೇ ಕೌನ್ಸಿಲ್ ಸಭೆ ನಡೆಸಿದರು. ಹಾಲೊವೇಯಿಂದ ಹೆಂಗಸರನ್ನು ಸಭೆಗೆ ಗಾಡಿಯಲ್ಲಿ ಕರೆತರಬೇಕಾಯಿತು. ಸುಮಾರು ಆರು ವಾರದ ಮೇಲೆ ಸರ್ಕಾರವೇ ಸೋತು ಬಿಟ್ಟು ಕಳಿಸಿತು. ಬಡವರ ಖರ್ಚನ್ನು ಎಲ್ಲ ಬರೋಗಳೂ ಹಂಚಿಕೊಳ್ಳುವ ಕಾನೂನು ಅದೇ ವರ್ಷ ಬಂತು. ಆ ಜೈಲಿಗೆ ಹೋದವರಲ್ಲಿ ಮಿನ್ನಿ ಲ್ಯಾನ್ಸ್‌ಬರಿ ಒಬ್ಬರು. ಹೊರಗೆ ಬಂದ ಕೆಲವೇ ವಾರಕ್ಕೆ ನ್ಯುಮೋನಿಯಾ ಆಗಿ, 1922ರ ಹೊಸ ವರ್ಷದ ದಿನ ತೀರಿಕೊಂಡರು. ಆಗ ಅವರಿಗೆ 32 ವರ್ಷ.

ಅವರ ಮಾವ ಜಾರ್ಜ್ ಲ್ಯಾನ್ಸ್‌ಬರಿ 1919ರಲ್ಲಿ ಪಾಪ್ಲರ್ ಮೇಯರ್ ಆಗಿದ್ದವರು, ಮುಂದೆ ಲೇಬರ್ ಪಕ್ಷದ ನಾಯಕರಾದರು. ಅದೇ ವರ್ಷ ಪಕ್ಕದ ಸ್ಟೆಪ್ನಿ ಬರೋದ ಮೇಯರ್ ಯಾರು ಗೊತ್ತಾ? ಕ್ಲೆಮೆಂಟ್ ಅಟ್ಲಿ. ಭಾರತಕ್ಕೆ ಸ್ವಾತಂತ್ರ್ಯ ಬಂದಾಗ ಬ್ರಿಟನ್ನಿನ ಪ್ರಧಾನಿ. ಬರೋ ಮೇಯರ್ ಕುರ್ಚಿ ಆಗ ಮುಂದಿನವರಿಗೆ ಒಂದು ಗರಡಿಮನೆ ಇದ್ದ ಹಾಗೆ.

1922ರಲ್ಲಿ ಬರ್ಮಂಡ್ಸಿಗೆ ಏಡಾ ಸಾಲ್ಟರ್ ಮೇಯರ್ ಆದರು. ಲಂಡನ್ನಿನ ಮೊದಲ ಮಹಿಳಾ ಮೇಯರ್. ಸರ, ನಿಲುವಂಗಿ ಎರಡೂ ಬೇಡ ಅಂದರು. ಬಡವರ ಬೀದಿಗಳಲ್ಲಿ ಮರ ನೆಡಿಸಿದ್ದಕ್ಕೆ, ಹೂವಿನ ತೋಟ ಮಾಡಿಸಿದ್ದಕ್ಕೆ ಇವತ್ತಿಗೂ ಅವರ ನೆನಪಿದೆ. ಆದರೆ ಅದನ್ನು ಮಾಡಿದ್ದು ಮೇಯರ್ ಆಗಿ ಅಲ್ಲ, ಕೌನ್ಸಿಲ್ ಸಮಿತಿಯಲ್ಲಿ ಕೂತು. ಚುನಿಲಾಲ್ ಕಟಿಯಾಲ್ ಅವರದ್ದೂ ಇದೇ ಕಥೆ. ಪಂಜಾಬಿನಿಂದ ಬಂದ ಡಾಕ್ಟರ್. 1931ರಲ್ಲಿ ಗಾಂಧೀಜಿ ಮತ್ತು ಚಾರ್ಲಿ ಚಾಪ್ಲಿನ್ ಭೇಟಿಯಾದದ್ದು ಕ್ಯಾನಿಂಗ್ ಟೌನ್‌ನ ಇವರ ಮನೆಯಲ್ಲಿ. 1938ರಲ್ಲಿ ಫಿನ್ಸ್‌ಬರಿಗೆ ಮೇಯರ್ ಆಗಿ, ಬ್ರಿಟನ್ನಿನ ಮೊದಲ ದಕ್ಷಿಣ ಏಷ್ಯಾ ಮೂಲದ ಮೇಯರ್ ಅನ್ನಿಸಿಕೊಂಡರು. ಆ ಫಿನ್ಸ್‌ಬರಿ ಸೀಮೆಯಿಂದಲೇ 1892ರಲ್ಲಿ ದಾದಾಭಾಯಿ ನವರೋಜಿ ಬೆರಳೆಣಿಕೆ ಮತದಲ್ಲಿ ಸಂಸತ್ತಿಗೆ ಗೆದ್ದದ್ದು. ಕಟಿಯಾಲ್ ಹೆಸರು ಉಳಿಸಿದ್ದು ಫಿನ್ಸ್‌ಬರಿ ಆರೋಗ್ಯ ಕೇಂದ್ರ. ಎಲ್ಲ ಚಿಕಿತ್ಸೆಯೂ ಒಂದೇ ಸೂರಿನಡಿ, ಬಡವರಿಗೆ ಬಿಟ್ಟಿ. ಇಡೀ ದೇಶಕ್ಕೆ ಅಂಥ ಆರೋಗ್ಯ ವ್ಯವಸ್ಥೆ ಬರುವುದಕ್ಕೆ ಹತ್ತು ವರ್ಷ ಮೊದಲು. ಅದು ಕೂಡ ಅವರು ಸಾರ್ವಜನಿಕ ಆರೋಗ್ಯ ಸಮಿತಿಯ ಅಧ್ಯಕ್ಷರಾಗಿ ಮಾಡಿಸಿದ್ದು.

ಕನ್ನಡಿಗರಿಗೆ ಹತ್ತಿರದ ಹೆಸರು ಡಾ. ನೀರಜ್ ಪಾಟೀಲ್. ಕಲಬುರಗಿ ಕಡೆಯವರು. 2010ರಿಂದ ಒಂದು ವರ್ಷ ಲ್ಯಾಂಬೆತ್‌ನ ಮೇಯರ್. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ತೋಟದಲ್ಲಿ ಬಸವಣ್ಣನ ಪ್ರತಿಮೆ ಇದೆಯಲ್ಲ, ಅದರ ಹಿಂದೆ ಓಡಾಡಿದವರು ಇವರು. ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದ್ದು 2015ರ ನವೆಂಬರ್ 14ರಂದು. ಅಷ್ಟೊತ್ತಿಗೆ ಪಾಟೀಲರ ಮೇಯರ್ ವರ್ಷ ಮುಗಿದು ನಾಲ್ಕು ವರ್ಷ ದಾಟಿತ್ತು. ಸರ ಒಂದು ವರ್ಷಕ್ಕೆ ವಾಪಸ್ ಹೋಗುತ್ತದೆ, ಅದರಿಂದ ಆದ ಪರಿಚಯ ಉಳಿಯುತ್ತದೆ.

ಇನ್ನು ನೇರ ಆಯ್ಕೆಯ ಮೇಯರ್‌ಗಳ ವಿಷಯ ಬೇಗ ಮುಗಿಸುತ್ತೇನೆ. 2000ದ ಕಾನೂನು ಇದಕ್ಕೆ ದಾರಿ ಮಾಡಿತು. ಹೆಸರು ಅದೇ ಮೇಯರ್, ಕೆಲಸ ಪೂರ್ತಿ ಬೇರೆ. 2002ರಲ್ಲಿ ಲಂಡನ್ನಿನ ಆಚೆಯ ಹಾರ್ಟಲ್‌ಪೂಲ್ ಬರೋದಲ್ಲಿ ಫುಟ್‌ಬಾಲ್ ತಂಡದ ಕೋತಿ ವೇಷ ಹಾಕುತ್ತಿದ್ದ ಸ್ಟುವರ್ಟ್ ಡ್ರಮಂಡ್ ಶಾಲೆ ಮಕ್ಕಳಿಗೆ ಬಿಟ್ಟಿ ಬಾಳೆಹಣ್ಣು ಅಂತ ಹೇಳಿ ಚುನಾವಣೆಗೆ ನಿಂತು ಗೆದ್ದೇಬಿಟ್ಟರು. ಎಲ್ಲ ನಕ್ಕರು. ಆಮೇಲೆ ಅವರು ಇನ್ನೂ ಎರಡು ಸಲ ಗೆದ್ದರು. 2012ರಲ್ಲಿ ಆ ಊರಿನವರು ಮತ ಹಾಕಿ ಹುದ್ದೆಯನ್ನೇ ತೆಗೆದುಹಾಕಿದರು. ಟವರ್ ಹ್ಯಾಮ್ಲೆಟ್ಸ್‌ನಲ್ಲಿ ಲುತ್ಫುರ್ ರಹಮಾನ್ ಅವರ ಗೆಲುವನ್ನು 2015ರಲ್ಲಿ ಚುನಾವಣಾ ನ್ಯಾಯಾಲಯ ರದ್ದು ಮಾಡಿತು. ಐದು ವರ್ಷ ನಿಲ್ಲುವಂತಿಲ್ಲ ಅಂದಿತು. 2022ರಲ್ಲಿ ಅವರೇ ಮತ್ತೆ ಗೆದ್ದರು. ಅಧಿಕಾರ ಇರುವ ಕಡೆ ಜಗಳವೂ ಇರುತ್ತದೆ. ಸರದ ಮೇಯರ್‌ಗಳ ಮೇಲೆ ಯಾರೂ ಕೋರ್ಟಿಗೆ ಹೋಗುವುದು ಅಪರೂಪ. ಇಂಥ ಕಡೆ ಸಭೆ ನಡೆಸಲು, ರಿಬ್ಬನ್ ಕತ್ತರಿಸಲು ಬೇರೊಬ್ಬರು ಬೇಕಾಗುತ್ತಾರೆ. ಹ್ಯಾಕ್ನಿಯಲ್ಲಿ, ಟವರ್ ಹ್ಯಾಮ್ಲೆಟ್ಸ್‌ನಲ್ಲಿ ಅವರನ್ನು ‘ಸ್ಪೀಕರ್’ ಅನ್ನುತ್ತಾರೆ.

ನಮ್ಮ ಬೆಂಗಳೂರು, ಮೈಸೂರಿನ ಮೇಯರ್‌ಗಳೂ ಇದೇ ಬಳ್ಳಿಯ ಕಾಯಿ. ಇಲ್ಲಿ ಮೇಯರ್‌ಗೆ ಕಾಗದ ಬರೆದರೆ ‘ವರ್ಷಿಪ್‌ಫುಲ್’ ಅಂತ ಸೇರಿಸುತ್ತಾರೆ. ಹಳೆಯ ಅರ್ಥದಲ್ಲಿ ಗೌರವಕ್ಕೆ ತಕ್ಕವರು ಅಂತ ಅಷ್ಟೆ. ನಮ್ಮ ಪಾಲಿಕೆಯ ಆಹ್ವಾನ ಪತ್ರಿಕೆಯಲ್ಲಿ ‘ಪೂಜ್ಯ ಮಹಾಪೌರರು’ ಅಂತ ಇರುತ್ತದಲ್ಲ, ಅದು ಇದೇ ಮಾತು. ಕೆಂಪು ನಿಲುವಂಗಿ, ಸರ ಕೂಡ ಅಲ್ಲಿಗೆ ಹೋದದ್ದು ಇಲ್ಲಿಂದಲೇ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಇಲ್ಲಿ ಗರ್ಭಗುಡಿಯಲ್ಲಿ ಇರುವ ಲೀಡರ್ ಜನ ಆರಿಸಿದ ಕೌನ್ಸಿಲರ್. ನಮ್ಮಲ್ಲಿ ಆ ಜಾಗದಲ್ಲಿ ಸರ್ಕಾರ ಕಳಿಸಿದ ಕಮಿಷನರ್. 2025ರಲ್ಲಿ ಬೆಂಗಳೂರನ್ನು ಐದು ಪಾಲಿಕೆ ಮಾಡಿ ಮೇಲೊಂದು ಪ್ರಾಧಿಕಾರ ಇಟ್ಟರು. ನೋಡಲು ಲಂಡನ್ನಿನ ಬರೋಗಳ ಹಾಗೇ ಕಾಣುತ್ತದೆ. ಆದರೆ ಆ ಪ್ರಾಧಿಕಾರದ ತಲೆಯ ಮೇಲೆ ಜನ ಆರಿಸಿದ ಮೇಯರ್ ಇಲ್ಲ, ಮುಖ್ಯಮಂತ್ರಿ ಇದ್ದಾರೆ.

ಈಗ ನಿಮ್ಮ ಸೋಫಾ. ಮೊದಲು ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಫೋಟೋ ಸಮೇತ ದೂರು ಹಾಕಿ, ಸಿಗುವ ನಂಬರ್ ಬರೆದಿಟ್ಟುಕೊಳ್ಳಿ. ಪ್ರತಿ ಸಲ ಸುರಿದಾಗಲೂ ಹಾಕಿ. ಅದು ಎತ್ತಿಕೊಂಡು ಹೋಗುವುದಕ್ಕೆ. ಮತ್ತೆ ಮತ್ತೆ ಸುರಿಯುವುದನ್ನು ನಿಲ್ಲಿಸಬೇಕು, ಕ್ಯಾಮೆರಾ ಹಾಕಿಸಬೇಕು ಅಂದರೆ ನಿಮ್ಮ ವಾರ್ಡಿನ ಕೌನ್ಸಿಲರ್ ಬೇಕು. ಅವರು ಲೈಬ್ರರಿಯಲ್ಲೋ ಚರ್ಚಿನ ಹಾಲ್‌ನಲ್ಲೋ ಕೂತು ಜನರ ದೂರು ಕೇಳುವುದಕ್ಕೆ ಇಲ್ಲಿ ‘ಸರ್ಜರಿ’ ಅನ್ನುತ್ತಾರೆ. ಊರಿಂದ ಬಂದಿದ್ದ ನಮ್ಮ ಅತ್ತೆ ಇದನ್ನು ಕೇಳಿ, ಪಾಪ ಅವರಿಗೆ ಏನಾಗಿದೆ ಅಂತ ಕೇಳಿದ್ದರು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಇಲ್ಲಿ ಕಾನೂನುಬದ್ಧವಾಗಿ ವಾಸವಿರುವ ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳು. ಅವರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿನ ಚುನಾವಣೆಯಲ್ಲಿ ಮತ ಹಾಕಬಹುದು. ಎಂಟು ವರ್ಷದಿಂದ ನಿಮಗೆ ಈ ಹಕ್ಕು ಇತ್ತು. ಮತದಾರರ ಪಟ್ಟಿಯಲ್ಲಿ ಹೆಸರಿದೆಯಾ ನೋಡಿ, ಇಲ್ಲದಿದ್ದರೆ ಇವತ್ತೇ ಸೇರಿಸಿ. ಮತದಾರರು ಅಂತ ಹೇಳಿಕೊಂಡು ಕೌನ್ಸಿಲರ್ ಎದುರು ಕೂತರೆ ಮಾತು ಇನ್ನೂ ಬೇಗ ಮುಗಿಯುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ.

ಸಮಾರಂಭದ ದಿನ ಸ್ವಲ್ಪ ಬೇಗ ಹೋಗಿ, ಗುರುತಿನ ಪತ್ರ ಮರೆಯಬೇಡಿ. ಗಂಡಸಾದರೆ ‘ಮಿಸ್ಟರ್ ಮೇಯರ್’, ಹೆಂಗಸಾದರೆ ‘ಮೇಡಂ ಮೇಯರ್’ ಅಂದರೆ ಸಾಕು. ಜೊತೆಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಿ. ಯಾವ ಊರು ಅಂತ ಅವರು ಕೇಳೇ ಕೇಳುತ್ತಾರೆ. ಹಾಸನ ಅಂತಲೇ ಹೇಳಿ, ಬೆಂಗಳೂರು ಹತ್ತಿರ ಅಂತ ತೇಲಿಸಬೇಡಿ. ಸೋಫಾದ ಫೋಟೋ ಮಾತ್ರ ಆವತ್ತು ಮನೆಯಲ್ಲೇ ಇರಲಿ, ಮುಂದಿನ ಸರ್ಜರಿಗೆ ತೆಗೆದುಕೊಂಡು ಹೋಗಿ.